ಪತ್ರಿಕೆ ಸಾಲಿಯೋ, ಅಂಗಡಿಯೋ? ರಂಗನಾಥ ದಿವಾಕರರು ಬಿಟ್ಟುಹೋದ ಪ್ರಶ್ನೆ

1975ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಒಂದು ತೆರಿಗೆ ಪ್ರಕರಣದ ತೀರ್ಪು ಕೊಟ್ಟಿತು. ತುರ್ತು ಪರಿಸ್ಥಿತಿ ಬಂದು ಆಗ ಎರಡು ತಿಂಗಳು. ವಿರೋಧ ಪಕ್ಷದವರು ಜೈಲಿನಲ್ಲಿ, ಪತ್ರಿಕೆಗಳು ಸೆನ್ಸಾರ್ ಅಧಿಕಾರಿಯ ಕೈಯಲ್ಲಿ. ಅಂಥ ಹೊತ್ತಿನಲ್ಲಿ ಯಾವುದೋ ಒಂದು ಟ್ರಸ್ಟ್ ಆದಾಯ ತೆರಿಗೆ ಕಟ್ಟಬೇಕೋ ಬೇಡವೋ ಅನ್ನೋದು ಯಾರಿಗೆ ಬೇಕಿತ್ತು? ಆದರೆ ಆ ಟ್ರಸ್ಟ್ ನಮ್ಮ ಹುಬ್ಬಳ್ಳಿಯದು. ಹೆಸರು ಲೋಕ ಶಿಕ್ಷಣ ಟ್ರಸ್ಟ್. ‘ಸಂಯುಕ್ತ ಕರ್ನಾಟಕ’ ದಿನಪತ್ರಿಕೆ, ‘ಕರ್ಮವೀರ’ ವಾರಪತ್ರಿಕೆ, ‘ಕಸ್ತೂರಿ’ ಮಾಸಪತ್ರಿಕೆ, ಮೂರೂ ಅದರವೇ. ಕೋರ್ಟಿನ ಮುಂದಿದ್ದ ಪ್ರಶ್ನೆಯನ್ನು ಧಾರವಾಡದ ಮಾತಲ್ಲಿ ಹೇಳೋದಾದರೆ ಇಷ್ಟೇ: ಪತ್ರಿಕೆ ಅಂದ್ರ ಸಾಲಿಯೋ, ಅಂಗಡಿಯೋ?

ಅಂಗಡಿ ಅಂತ ಹೇಳಿತು ಕೋರ್ಟು.

ಆ ಪ್ರಶ್ನೆಯನ್ನು ದಿಲ್ಲಿವರೆಗೂ ಒಯ್ದ ಟ್ರಸ್ಟಿ ರಂಗನಾಥ ರಾಮಚಂದ್ರ ದಿವಾಕರ. ಅವರಿಗೆ ಆಗ 80 ದಾಟಲು ಬಂದಿತ್ತು. ಇವತ್ತು ಅವರ ಬಗ್ಗೆ ಯಾಕೆ ಬರೀತಿದ್ದೀನಿ ಅಂದ್ರೆ, ಐವತ್ತು ವರ್ಷ ಹಳೆಯದಾದ ಆ ಪ್ರಶ್ನೆ ಮತ್ತೆ ನಮ್ಮ ಮನೆ ಬಾಗಿಲಿಗೇ ಬಂದಿದೆ. 2024ರ ಕೊನೆ, 2025ರ ಆರಂಭದ ಹೊತ್ತಿಗೆ ಆದಾಯ ತೆರಿಗೆ ಇಲಾಖೆ ಎರಡು ಸುದ್ದಿ ಸಂಸ್ಥೆಗಳ ಲಾಭರಹಿತ ಮಾನ್ಯತೆಯನ್ನು ರದ್ದು ಮಾಡಿತು. ಒಂದು ದಿಲ್ಲಿಯ ‘ದಿ ರಿಪೋರ್ಟರ್ಸ್ ಕಲೆಕ್ಟಿವ್’. ಇನ್ನೊಂದು ಸರ್ಕಾರಿ ಕಡತಗಳನ್ನು ಹೊರತೆಗೆದು ಸುದ್ದಿ ಮಾಡುವ ಕನ್ನಡದ ಜಾಲತಾಣ ‘ದಿ ಫೈಲ್’. ತಮ್ಮ ಪತ್ರಿಕೋದ್ಯಮದಿಂದ ಸಾರ್ವಜನಿಕ ಉದ್ದೇಶವೇನೂ ಈಡೇರುವುದಿಲ್ಲ ಎಂಬುದು ಇಲಾಖೆಯ ವಾದ ಅಂತ ರಿಪೋರ್ಟರ್ಸ್ ಕಲೆಕ್ಟಿವ್ ಆಗ ಹೇಳಿಕೊಂಡಿತು. ಈ ಸುದ್ದಿ ಓದಿದಾಗ ಬಹಳ ಜನ ಇದು ಈಗಿನ ಸರ್ಕಾರದ ಹೊಸ ವರಸೆ ಅಂದುಕೊಂಡರು. ಸರ್ಕಾರದ ಉದ್ದೇಶ ಏನೇ ಇರಲಿ, ವಾದ ಮಾತ್ರ ಹೊಸದಲ್ಲ. ಅದರ ಬೇರು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿದೆ.

ಈಗ ದಿವಾಕರರ ಕಥೆಗೆ ಬರ್ತೀನಿ. 1894ರ ಸೆಪ್ಟೆಂಬರ್ 30ರಂದು ಹುಟ್ಟಿದವರು, ಧಾರವಾಡದವರು. ಆ ಧಾರವಾಡ ಮುಂಬಯಿ ಪ್ರಾಂತ್ಯದ ದಕ್ಷಿಣದ ಮೂಲೆಯ ಒಂದು ಜಿಲ್ಲಾ ಕೇಂದ್ರ. ಆಡಳಿತ ಪುಣೆ, ಮುಂಬಯಿಯಿಂದ. ಓದಿಕೊಂಡವರ ಮನೆಗಳಿಗೆ ಬರುತ್ತಿದ್ದ ಪತ್ರಿಕೆ ಅಂದ್ರೆ ತಿಲಕರ ಮರಾಠಿ ‘ಕೇಸರಿ’. ಕನ್ನಡ ಮಾತಾಡೋ ಜನ ರಾಜಕೀಯವನ್ನು ಮರಾಠಿಯಲ್ಲಿ ಓದಿ ತಿಳ್ಕೊಳ್ಳೋ ಕಾಲ ಅದು. ದಿವಾಕರ ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆ, 1890ರಲ್ಲಿ, ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದರು. ಅದೇ ಸಂಘದ ‘ವಾಗ್ಭೂಷಣ’ ಪತ್ರಿಕೆಯಲ್ಲಿ ಆಲೂರು ವೆಂಕಟರಾಯರು ಕೆಲಸ ಮಾಡಿದರು. ಈ ಊರಲ್ಲಿ ಪತ್ರಿಕೆ ಅನ್ನೋದು ಸುದ್ದಿ ಮಾರೋದಕ್ಕೆ ಹುಟ್ಟಿದ್ದಲ್ಲ. ಕನ್ನಡಿಗರು ಅಂತ ಒಂದು ಸಮುದಾಯ ಇದೆ ಅನ್ನೋದನ್ನ ಆ ಸಮುದಾಯಕ್ಕೇ ಗೊತ್ತು ಮಾಡಿಸೋದಕ್ಕೆ ಹುಟ್ಟಿದ್ದು. ಮೈಸೂರು ಸಂಸ್ಥಾನದಲ್ಲಿ ಕನ್ನಡಕ್ಕೊಬ್ಬ ಅರಸ ಇದ್ದ, ದರ್ಬಾರಿತ್ತು. ಇಲ್ಲಿ ಇದ್ದದ್ದು ಒಂದಿಷ್ಟು ಮಾಸ್ತರರು, ವಕೀಲರು, ಅವರು ಹಾಕಿದ ಪತ್ರಿಕೆಗಳು.

ದಿವಾಕರರೂ ಅದೇ ಪಂಗಡದವರು. ಎಂ.ಎ., ಎಲ್‌ಎಲ್.ಬಿ. ಓದಿದವರು, ಕೆಲಕಾಲ ಇಂಗ್ಲಿಷ್ ಪಾಠ ಹೇಳಿದವರು. ಅಸಹಕಾರ ಚಳವಳಿಯ ಕರೆ ಬಂದ ಮೇಲೆ, 1921ರಲ್ಲಿ, ಧಾರವಾಡದಿಂದ ‘ಕರ್ಮವೀರ’ ಶುರುವಾಯ್ತು.

ಆ ವರ್ಷವನ್ನು ಸ್ವಲ್ಪ ನೆನಪು ಮಾಡ್ಕೊಳ್ಳಿ. ಜುಲೈ 1ರಂದು ಧಾರವಾಡದಲ್ಲಿ ಗೋಲಿಬಾರ್ ಆಯ್ತು. ಹೆಂಡದಂಗಡಿ ಮುಂದೆ ಪಿಕೆಟಿಂಗ್ ಮಾಡುತ್ತಿದ್ದವರ ಮೇಲೆ, ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಮೂವರೂ ಮುಸ್ಲಿಮರು. ಖಿಲಾಫತ್ ಮತ್ತು ಕಾಂಗ್ರೆಸ್ ಕೂಡಿಕೊಂಡು ನಡೆದಿದ್ದ ದಿನಗಳವು. ಅಂಥ ಊರಲ್ಲಿ, ಅಂಥ ವರ್ಷ ಹುಟ್ಟಿದ ಪತ್ರಿಕೆಗೆ ನಿಷ್ಪಕ್ಷಪಾತ ಅನ್ನೋ ಪದದ ಅರ್ಥ ಏನಿರಬಹುದು? ಪೊಲೀಸರದ್ದೂ ಒಂದು ಮಾತು, ಸತ್ತವರದ್ದೂ ಒಂದು ಮಾತು ಅಂತ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗೋದು ಅವರ ಪಾಲಿಗೆ ಪತ್ರಿಕಾಧರ್ಮ ಆಗಿರಲಿಲ್ಲ. ಪತ್ರಿಕೆ ಒಂದು ಪಕ್ಷ ಹಿಡೀಬೇಕು, ಯಾವ ಪಕ್ಷ ಅನ್ನೋದನ್ನ ಓದುಗರಿಗೆ ಮುಚ್ಚಿಡಬಾರದು. ನಾನು ಅರ್ಥ ಮಾಡ್ಕೊಂಡ ಹಾಗೆ ಆ ಪೀಳಿಗೆಯ ನಿಯಮ ಇಷ್ಟು.

ಮುಂದೆ ‘ಸಂಯುಕ್ತ ಕರ್ನಾಟಕ’ ಬಂತು. ಬೆಳಗಾವಿಯಲ್ಲಿ ಹುಟ್ಟಿ, 1930ರ ದಶಕದಲ್ಲಿ ಹುಬ್ಬಳ್ಳಿಗೆ ಬಂದು ನೆಲೆ ನಿಂತ ಪತ್ರಿಕೆ. ಆ ಹೆಸರನ್ನೇ ನೋಡ್ರಿ. ಕರ್ನಾಟಕ ಅನ್ನೋ ರಾಜ್ಯವೇ ಇಲ್ಲದ ಕಾಲದಲ್ಲಿ, ಕನ್ನಡದ ನೆಲ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದಾಗ, ಪತ್ರಿಕೆಗೆ ಸಂಯುಕ್ತ ಕರ್ನಾಟಕ ಅಂತ ಹೆಸರಿಟ್ಟರು. ದಿನಾ ಬೆಳಗ್ಗೆ ಒಂದು ರಾಜಕೀಯ ಬೇಡಿಕೆ ಮನೆ ಮನೆಗೆ ಹೋಗಿ ಬೀಳುತ್ತಿತ್ತು ಅಂದ್ಕೊಳ್ಳಿ. 1956ರ ನವೆಂಬರ್ 1ರವರೆಗೆ ಆ ಹೆಸರು ಒಂದು ಪ್ರಣಾಳಿಕೆ. ಸಂಪಾದಕೀಯದ ಭಾರ ಹೊತ್ತವರು ಮೊಹರೆ ಹಣಮಂತರಾಯರು. ಅವರ ಬಗ್ಗೆ ಬೇರೆಯೇ ಒಂದು ಲೇಖನ ಬೇಕು. ಇಲ್ಲಿ ಇಷ್ಟು ಸಾಕು: ಉತ್ತರ ಕರ್ನಾಟಕದ ಹಳ್ಳಿಯ ಓದುಗನಿಗೆ ರಾಜಕೀಯದ ಕನ್ನಡವನ್ನು ರೂಢಿ ಮಾಡಿಸಿದವರಲ್ಲಿ ಮೊಹರೆ ದೊಡ್ಡವರು.

ಇದರ ಜೊತೆಗೆ ದಿವಾಕರ ಚಳವಳಿಯ ಮನುಷ್ಯ. 1930ರ ದಶಕದಲ್ಲಿ ಕರ್ನಾಟಕ ಪ್ರಾಂತೀಯ ಕಾಂಗ್ರೆಸ್ಸಿನ ಅಧ್ಯಕ್ಷ. ಜೈಲು ಅವರಿಗೆ ಹೊಸದಲ್ಲ. 1942ರಲ್ಲಿ ಚಲೇಜಾವ್ ಚಳವಳಿ ಶುರುವಾದಾಗ ಭೂಗತರಾದರು, ಎರಡು ವರ್ಷ ಪೊಲೀಸರ ಕೈಗೆ ಸಿಗಲಿಲ್ಲ. 1944ರಲ್ಲಿ ಗಾಂಧಿ ಹೊರಬಂದು, ಮರೆಯಲ್ಲಿರೋದು ಸತ್ಯಾಗ್ರಹಿಗೆ ತಕ್ಕದ್ದಲ್ಲ ಅನ್ನೋ ನಿಲುವು ತೆಗೆದುಕೊಂಡ ಮೇಲೆ ತಾವಾಗಿಯೇ ಶರಣಾದರು. ಸತ್ಯಾಗ್ರಹದ ತಂತ್ರ ಮತ್ತು ಇತಿಹಾಸದ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಆಮೇಲೆ ದೇಶದ ಹೊರಗೂ ಓದಿಸಿಕೊಂಡಿತು. ಕನ್ನಡದಲ್ಲಿ ವಚನಗಳ ಬಗ್ಗೆ, ಉಪನಿಷತ್ತುಗಳ ಬಗ್ಗೆ ಬರೆದರು. ಅರವಿಂದರ ಜೀವನ ಚರಿತ್ರೆ ಬರೆದರು. ಬರವಣಿಗೆಯ ಪಟ್ಟಿ ಉದ್ದ ಇದೆ, ಅದು ಈಗ ನಮಗೆ ಬೇಡ.

ನಮಗೆ ಬೇಕಾದದ್ದು 1935ರ ಒಂದು ಕಾಗದ. ಲೋಕ ಶಿಕ್ಷಣ ಟ್ರಸ್ಟಿನ ಟ್ರಸ್ಟ್ ಡೀಡ್. ಪತ್ರಿಕೆಯನ್ನು ಯಾರದೋ ಸ್ವಂತ ಆಸ್ತಿಯಾಗಿ ಇಡದೆ ಟ್ರಸ್ಟಿಗೆ ಒಪ್ಪಿಸಿದ ದಾಖಲೆ ಅದು. ಆರಂಭದ ಗಂಟು ಸುಮಾರು 4,300 ರೂಪಾಯಿ. ಉದ್ದೇಶಗಳನ್ನು ಓದಿದರೆ ಒಂದು ಕನಸು ಓದಿದ ಹಾಗಾಗುತ್ತೆ: ಭಾರತದ, ಅದರಲ್ಲೂ ಕರ್ನಾಟಕದ ಜನರಿಗೆ ಶಿಕ್ಷಣ ಕೊಡುವುದು, ವಾಚನಾಲಯ ಗ್ರಂಥಾಲಯ ತೆರೆಯುವುದು, ಮುದ್ರಣಾಲಯ ನಡೆಸುವುದು, ಪುಸ್ತಕ ಕರಪತ್ರ ಅಚ್ಚು ಹಾಕುವುದು, ತಿಳಿವಳಿಕೆಯುಳ್ಳ ಲೋಕಾಭಿಪ್ರಾಯಕ್ಕೆ ಕನ್ನಡಿಗರ ಕೈಗೆ ಒಂದು ಪತ್ರಿಕೆ ಕೊಡುವುದು. ವಾಚನಾಲಯ ಮತ್ತು ದಿನಪತ್ರಿಕೆ ಎರಡನ್ನೂ ಒಂದೇ ಉಸಿರಲ್ಲಿ ಹೇಳಿದ್ದಾರೆ. ಅವರ ಲೆಕ್ಕದಲ್ಲಿ ಎರಡೂ ಒಂದೇ ಕೆಲಸ. ಸಾಲಿಗೆ ಹೋಗದೆ ಇದ್ದವನಿಗೆ, ಸಾಲಿ ಮುಗಿಸಿ ಬಂದವನಿಗೆ, ಪತ್ರಿಕೆಯೇ ಮುಂದಿನ ಸಾಲಿ. ಲೋಕಶಿಕ್ಷಣ ಅನ್ನೋ ಪದದ ಹಿಂದೆ ಇದ್ದ ನಂಬಿಕೆ ಇದು.

ಇಲ್ಲಿ ನನ್ನದೊಂದು ತಕರಾರಿದೆ. ಗಾಂಧಿ ತಮ್ಮ ಪತ್ರಿಕೆಗಳಲ್ಲಿ ಜಾಹೀರಾತು ಹಾಕುತ್ತಿರಲಿಲ್ಲ. ‘ಯಂಗ್ ಇಂಡಿಯಾ’, ‘ನವಜೀವನ’, ‘ಹರಿಜನ’ ಎಲ್ಲವೂ ಓದುಗರ ಚಂದಾದ ಮೇಲೆ ನಿಲ್ಲಬೇಕು, ನಿಲ್ಲದಿದ್ದರೆ ಮುಚ್ಚಿಹೋಗಲಿ ಅನ್ನೋದು ಅವರ ಹಟ. ಗಾಂಧಿಯ ಶಿಷ್ಯರು ಕಟ್ಟಿದ ದಿನಪತ್ರಿಕೆ ಆ ಹಟ ಹಿಡಿಯೋಕೆ ಆಗಲಿಲ್ಲ. ಕಾರಣ ಸರಳ. ವಾರಕ್ಕೊಮ್ಮೆ ನಾಲ್ಕು ಪುಟದ ವಿಚಾರಪತ್ರಿಕೆ ಹೊರಡಿಸೋದು ಬೇರೆ, ದಿನಾ ಬೆಳಗ್ಗೆ ತಾರು ಸುದ್ದಿ, ಮೊಳೆ ಜೋಡಿಸುವವರ ಪಗಾರ, ಮುದ್ರಣ ಕಾಗದ, ರೈಲು ಬಸ್ಸಿಗೆ ಕಟ್ಟು ಕಳಿಸೋ ಖರ್ಚು ಹೊರೋದು ಬೇರೆ. ದಿನಪತ್ರಿಕೆಗೆ ಜಾಹೀರಾತು ಬೇಕೇ ಬೇಕು. ಅಂದ್ರೆ ಸಾಲಿ ನಡೀಬೇಕಾದ್ರೆ ಪಡಸಾಲೆಯಲ್ಲಿ ಒಂದು ಅಂಗಡಿ ಇಡಲೇಬೇಕು. ಟ್ರಸ್ಟ್ ಡೀಡಿನಲ್ಲಿ ಈ ಇಕ್ಕಟ್ಟಿಗೆ ಉತ್ತರ ಇರಲಿಲ್ಲ.

ಸ್ವಾತಂತ್ರ್ಯ ಬಂತು. ದಿವಾಕರ ಸಂವಿಧಾನ ರಚನಾ ಸಭೆಯಲ್ಲಿದ್ದರು. ಆಮೇಲೆ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಯಾಗಿ 1952ರವರೆಗೆ ಇದ್ದರು. ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದದ್ದು ಅವರ ಕಾಲದಲ್ಲೇ, 1950ರ ಜನವರಿ 8ರಂದು. ಮಲ್ಲಿಕಾರ್ಜುನ ಮನ್ಸೂರರಿಂದ ಹಿಡಿದು ರೈತರ ಕಾರ್ಯಕ್ರಮದವರೆಗೆ ಆ ಕೇಂದ್ರ ಈ ಸೀಮೆಗೆ ಏನೇನು ಕೊಟ್ಟಿತು ಅನ್ನೋದನ್ನ ಇಲ್ಲಿನ ಹಿರಿಯರನ್ನು ಕೇಳಿ ನೋಡಿ, ಸಂಜೆವರೆಗೂ ಹೇಳ್ತಾರೆ.

ಆದರೆ ದಿವಾಕರರ ಜೀವನ ಬರೆದವರು ಸಾಮಾನ್ಯವಾಗಿ ನಿಲ್ಲದೆ ದಾಟಿಹೋಗುವ ಜಾಗವೂ ಇದೇ. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎರಡು ದೊಡ್ಡ ತೀರ್ಪು ಕೊಟ್ಟಿತ್ತು. ಒಂದು ಎಡಪಂಥದ ‘ಕ್ರಾಸ್ ರೋಡ್ಸ್’ ಪತ್ರಿಕೆಯದು, ಇನ್ನೊಂದು ಆರೆಸ್ಸೆಸ್ಸಿನ ‘ಆರ್ಗನೈಸರ್’ ಪತ್ರಿಕೆಯದು. ಮೊದಲನೆಯದಕ್ಕೆ ಮದ್ರಾಸ್ ಸರ್ಕಾರ ಪ್ರವೇಶ ನಿಷೇಧಿಸಿತ್ತು. ಎರಡನೆಯದಕ್ಕೆ ದಿಲ್ಲಿಯ ಆಡಳಿತ ಮುಂಚಿತ ಸೆನ್ಸಾರ್ ಹಾಕಿತ್ತು. ಎರಡೂ ಸಲ ಗೆದ್ದದ್ದು ಪತ್ರಿಕೆಗಳು. ಸರ್ಕಾರ ಏನು ಮಾಡಿತು? 1951ರ ಜೂನಿನಲ್ಲಿ ಸಂವಿಧಾನಕ್ಕೇ ಮೊದಲ ತಿದ್ದುಪಡಿ ತಂದು, ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ಹಾಕಬಹುದಾದ ನಿರ್ಬಂಧಗಳ ಪಟ್ಟಿಯನ್ನು ಹಿಗ್ಗಿಸಿತು. ಅದೇ ವರ್ಷ ಆಕ್ಷೇಪಾರ್ಹ ಬರಹಗಳ ವಿರುದ್ಧ ಪತ್ರಿಕಾ ಕಾಯ್ದೆಯೊಂದನ್ನೂ ತಂದಿತು. ತಿದ್ದುಪಡಿ ಮಂಡಿಸಿದ್ದು ನೆಹರೂ, ಕಾಯ್ದೆ ತಂದದ್ದು ಗೃಹಮಂತ್ರಿ ರಾಜಾಜಿ. ದಿವಾಕರರ ಸಹಿ ಅವುಗಳ ಮೇಲೆ ಇರಲಿಲ್ಲ, ನಿಜ. ಆದರೆ ಆ ಸರ್ಕಾರದಲ್ಲಿ ವಾರ್ತಾ ಖಾತೆ ಇದ್ದದ್ದು ಅವರ ಕೈಯಲ್ಲೇ. ಬ್ರಿಟಿಷರ ಕಾಲದಲ್ಲಿ ಪತ್ರಿಕೆ ನಡೆಸಿ ಅವರ ಪತ್ರಿಕಾ ಕಾಯ್ದೆಗಳ ಬಿಸಿ ಕಂಡವರು, ಸ್ವತಂತ್ರ ದೇಶದ ಮೊದಲ ಪತ್ರಿಕಾ ಕಾಯ್ದೆ ಬಂದಾಗ ಆಳುವವರ ಸಾಲಿನಲ್ಲಿ ಕೂತಿದ್ದರು. ಒಂದು ದಿನಪತ್ರಿಕೆಯ ಟ್ರಸ್ಟಿ ವಾರ್ತಾ ಮಂತ್ರಿಯಾಗಬಹುದೇ ಅಂತ ಇವತ್ತಾದರೆ ಎಕ್ಸ್‌ನಲ್ಲಿ ಒಂದು ವಾರ ಕೂಗಾಡ್ತಿದ್ದೆವು. ಆ ಕಾಲಕ್ಕೆ ಅದು ಪ್ರಶ್ನೆಯೇ ಆಗಲಿಲ್ಲ. ಕಾಂಗ್ರೆಸ್, ದೇಶ, ಪತ್ರಿಕೆ ಮೂರೂ ಒಂದೇ ಅನ್ನೋ ಭಾವನೆ ಇನ್ನೂ ಆರಿರಲಿಲ್ಲ. ಅವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಪಕ್ಷ ಹಿಡಿದು ಬರೆಯೋ ಪತ್ರಿಕೆಯ ಕಷ್ಟ ಶುರುವಾಗೋದೇ ಆ ಪಕ್ಷ ಗೆದ್ದ ದಿನ. ಗೋಲಿಬಾರಿನ ವರ್ಷ ಹುಟ್ಟಿದ ಪತ್ರಿಕೆಗೆ, ಗೋಲಿಬಾರ್ ಮಾಡುವ ಪೊಲೀಸರು ನಮ್ಮವರೇ ಆದಾಗ ಏನು ಮಾಡಬೇಕು ಅನ್ನೋದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

1952ರಿಂದ 1957ರವರೆಗೆ ದಿವಾಕರ ಬಿಹಾರದ ರಾಜ್ಯಪಾಲರು. ಇತ್ತ ಹುಬ್ಬಳ್ಳಿಯಲ್ಲಿ ಏಕೀಕರಣದ ಕಾವು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕೂತರು, ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ನಾಯಕರ ಮೇಲೆಯೇ ಜನ ತಿರುಗಿಬಿದ್ದರು. 1956ರಲ್ಲಿ ರಾಜ್ಯ ಒಂದಾಯ್ತು. ಅದೇ ವರ್ಷ ಟ್ರಸ್ಟಿನಿಂದ ‘ಕಸ್ತೂರಿ’ ಬಂತು, ರೀಡರ್ಸ್ ಡೈಜೆಸ್ಟ್ ಮಾದರಿಯ ಮಾಸಪತ್ರಿಕೆ. ಪಾ.ವೆಂ. ಆಚಾರ್ಯರ ಕೈಯಲ್ಲಿ ಅದು ಬೆಳೆದ ಬಗೆ ನೋಡಿದರೆ ಟ್ರಸ್ಟ್ ಡೀಡಿನ ಕನಸು ನಿಜವಾದದ್ದು ಅಲ್ಲೇ ಅನಿಸುತ್ತೆ. ವಿಜ್ಞಾನ, ಇತಿಹಾಸ, ಪುಸ್ತಕ ಪರಿಚಯ, ಪದಗಳ ಹುಟ್ಟು, ಎಲ್ಲವೂ ಒಬ್ಬ ಸಾಮಾನ್ಯ ಓದುಗನಿಗೆ ತಿಳಿಯೋ ಕನ್ನಡದಲ್ಲಿ. ಕಾಲೇಜು ಮೆಟ್ಟಿಲು ಹತ್ತದ ಎಷ್ಟೋ ಜನ ‘ಕಸ್ತೂರಿ’ ಓದಿಯೇ ಓದಿಕೊಂಡವರಾದರು. ಅದು ಶಿಕ್ಷಣ ಅಲ್ಲ ಅಂದ್ರೆ ಇನ್ಯಾವುದು?

ಕಾನೂನು ಮಾತ್ರ ಹಾಗೆ ಯೋಚಿಸಲಿಲ್ಲ. ಈ ಭಾಗ ಸ್ವಲ್ಪ ತೊಡಕಿನದು, ಆದರೆ ತಾಳ್ಮೆಯಿಂದ ಓದಿ, ಯಾಕಂದ್ರೆ ಇವತ್ತಿನ ಸ್ವತಂತ್ರ ಮಾಧ್ಯಮದ ಕೊರಳು ಇದೇ ಹಗ್ಗದಲ್ಲಿ ಸಿಕ್ಕಿರೋದು.

ಹಳೆಯ 1922ರ ಆದಾಯ ತೆರಿಗೆ ಕಾಯ್ದೆಯಲ್ಲಿ ಧರ್ಮಾರ್ಥ ಕೆಲಸ ಅಂದ್ರೆ ನಾಲ್ಕು ಬಗೆ: ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು ಮತ್ತು ಸಾಮಾನ್ಯ ಸಾರ್ವಜನಿಕ ಉಪಯೋಗದ ಬೇರೆ ಯಾವುದೇ ಉದ್ದೇಶ. ಈ ನಾಲ್ಕನೆಯ ಬಾಗಿಲಿಂದ ಪತ್ರಿಕೆಯೊಂದು ಒಳಗೆ ಹೋಗಿತ್ತು. ಸರ್ದಾರ್ ದಯಾಳ್ ಸಿಂಗ್ ಮಜೀಠಿಯಾ ಲಾಹೋರಿನಲ್ಲಿ 1881ರಲ್ಲಿ ಶುರು ಮಾಡಿದ ‘ಟ್ರಿಬ್ಯೂನ್’ ಪತ್ರಿಕೆಯನ್ನು ತಮ್ಮ ಉಯಿಲಿನಲ್ಲಿ ಟ್ರಸ್ಟಿಗೆ ಬಿಟ್ಟುಹೋಗಿದ್ದರು. ಅದರ ಆದಾಯಕ್ಕೆ ತೆರಿಗೆ ಬೇಡ, ಅದು ಸಾರ್ವಜನಿಕ ಉಪಯೋಗದ ಕೆಲಸ ಅಂತ 1939ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಪ್ಪಿತ್ತು. ನಮ್ಮನ್ನು ಆಳುತ್ತಿದ್ದವರ ಕೋರ್ಟೇ ರಾಷ್ಟ್ರೀಯವಾದಿ ಪತ್ರಿಕೆಯೊಂದಕ್ಕೆ ಸಾರ್ವಜನಿಕ ಉಪಯೋಗ ಇದೆ ಅಂದಿತ್ತು, ಗಮನಿಸಿ. 1961ರಲ್ಲಿ ಹೊಸ ಕಾಯ್ದೆ ಬಂತು. ನಾಲ್ಕನೆಯ ಬಾಗಿಲಿಗೆ ಒಂದು ಚಿಲಕ ಸೇರಿಸಿದರು: ಲಾಭಕ್ಕಾಗಿ ನಡೆಸುವ ಚಟುವಟಿಕೆ ಅದರಲ್ಲಿ ಇರಬಾರದು. 1962-63ರ ತೆರಿಗೆ ವರ್ಷದ ಲೆಕ್ಕ ಮುಂದಿಟ್ಟುಕೊಂಡು ಇಲಾಖೆ ಲೋಕ ಶಿಕ್ಷಣ ಟ್ರಸ್ಟಿಗೆ ವಿನಾಯಿತಿ ಇಲ್ಲ ಅಂದಿತು. ಮೈಸೂರು ಹೈಕೋರ್ಟಿನಲ್ಲಿ ಟ್ರಸ್ಟ್ ಸೋತಿತು. ಪ್ರಕರಣ ದಿಲ್ಲಿಗೆ ಹೋಯ್ತು.

ತೀರ್ಪು ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ನ್ಯಾಯಮೂರ್ತಿ ಎ.ಸಿ. ಗುಪ್ತಾ ಅವರ ಜೊತೆ. ನ್ಯಾಯಮೂರ್ತಿ ಎಂ.ಎಚ್. ಬೇಗ್ ಅದೇ ಫಲಿತಾಂಶಕ್ಕೆ ಬೇರೆ ದಾರಿಯಿಂದ ಬಂದರು. ಖನ್ನಾ ಅವರ ತರ್ಕ ಓದೋಕೆ ಮಜಾ ಇದೆ. ಹೊಸದೇನಾದರೂ ತಿಳಿಯೋದೆಲ್ಲ ಶಿಕ್ಷಣ ಅಂದರೆ ಪ್ರವಾಸವೂ ಶಿಕ್ಷಣ, ಮೃಗಾಲಯ ನೋಡೋದೂ ಶಿಕ್ಷಣ. ಪಾಕೀಟು ಹೊಡೆದ ಕಳ್ಳನೂ ಒಂದು ಪಾಠ ಕಲಿಸಿಯೇ ಹೋಗ್ತಾನೆ. ನೈಟ್‌ಕ್ಲಬ್ಬಿಗೆ ಹೋದರೂ ಜಗತ್ತಿನ ಅರಿವು ಹೆಚ್ಚುತ್ತೆ. ಕಾಯ್ದೆ ಹೇಳುವ ಶಿಕ್ಷಣ ಇದಲ್ಲ, ಕ್ರಮಬದ್ಧವಾಗಿ ಕಲಿಸುವ ವಿದ್ಯಾಭ್ಯಾಸ, ತರಬೇತಿ ಮಾತ್ರ ಅನ್ನೋದು ಅವರ ನಿಲುವು. ಪತ್ರಿಕೆ ಓದುವುದು ಆ ಪ್ರವಾಸ, ಮೃಗಾಲಯ, ಪಾಕೀಟುಗಳ್ಳನ ಸಾಲಿಗೆ ಸೇರಿಹೋಯ್ತು. ಎರಡನೆಯದಾಗಿ, ಟ್ರಸ್ಟ್ ಲಾಭ ಮಾಡುತ್ತಿದೆ. ನಾಲ್ಕು ಸಾವಿರ ಚಿಲ್ಲರೆ ರೂಪಾಯಿಯಿಂದ ಶುರುವಾದದ್ದು ಲಕ್ಷಗಳ ಆಸ್ತಿಯಾಗಿದೆ. ಹಾಗಾಗಿ ನಾಲ್ಕನೆಯ ಬಾಗಿಲೂ ಮುಚ್ಚಿತು.

ಖನ್ನಾ ಅಂದ ಕೂಡಲೇ ನಿಮಗೆ ಬೇರೆ ತೀರ್ಪು ನೆನಪಾಗಿರಬೇಕು. ಇದಾದ ಎಂಟೇ ತಿಂಗಳಿಗೆ, 1976ರ ಏಪ್ರಿಲಿನಲ್ಲಿ, ಎಡಿಎಂ ಜಬಲ್ಪುರ ಪ್ರಕರಣದಲ್ಲಿ ತುರ್ತು ಪರಿಸ್ಥಿತಿಯಲ್ಲೂ ಬದುಕುವ ಹಕ್ಕನ್ನು ಕಿತ್ತುಕೊಳ್ಳಲಾಗದು ಅಂತ ಒಬ್ಬಂಟಿಯಾಗಿ ಭಿನ್ನಮತ ಬರೆದು, ಮುಖ್ಯ ನ್ಯಾಯಮೂರ್ತಿ ಹುದ್ದೆ ಕಳಕೊಂಡವರು ಇವರೇ. ಆ ಹುದ್ದೆ ಹೋಗಿದ್ದು ಬಹುಮತದ ಕಡೆಗಿದ್ದ ಬೇಗ್ ಅವರಿಗೆ. ಖನ್ನಾ ಪತ್ರಿಕೆಗಳ ವೈರಿಯಲ್ಲ, ಸರ್ಕಾರದ ಆಳೂ ಅಲ್ಲ. ಹಾಗಾಗಿಯೇ ಆ ತೀರ್ಪನ್ನು ತುರ್ತು ಪರಿಸ್ಥಿತಿಯ ಖಾತೆಗೆ ಹಾಕಿ ಕೈ ತೊಳಕೊಳ್ಳೋಕೆ ಬರೋದಿಲ್ಲ.

ತೀರ್ಪಿನಲ್ಲಿ ನನಗೆ ಒಪ್ಪಿಗೆಯಾಗದ್ದು ಮೊದಲನೆಯ ಭಾಗ. ಪಾಕೀಟುಗಳ್ಳ ಪಾಠ ಕಲಿಸುತ್ತೇನೆ ಅಂತ ಹೊರಟಿರೋದಿಲ್ಲ, ಸಂಪಾದಕ ಹೊರಟಿರ್ತಾನೆ. ಆ ವ್ಯತ್ಯಾಸವನ್ನು ಕೋರ್ಟ್ ತೂಗಲಿಲ್ಲ. ಓದು ಬರಹ ಬಾರದವರೇ ಹೆಚ್ಚಿದ್ದ ಸೀಮೆಯಲ್ಲಿ, ಒಬ್ಬ ಓದಿ ಹತ್ತು ಜನ ಕೇಳುತ್ತಿದ್ದ ಕಟ್ಟೆಯ ಮೇಲೆ, ಪತ್ರಿಕೆ ಯಾವ ಕೆಲಸ ಮಾಡುತ್ತಿತ್ತು ಅನ್ನೋದು ಶಬ್ದಕೋಶದಿಂದ ಗೊತ್ತಾಗೋ ವಿಷಯ ಅಲ್ಲ. ಆದರೆ ಬೇಗ್ ಬೆರಳಿಟ್ಟ ಜಾಗ ಬೇರೆ. ಟ್ರಸ್ಟ್ ಡೀಡ್ ಟ್ರಸ್ಟಿಯ ಕೈಗೆ ಬಹಳ ದೊಡ್ಡ ಅಧಿಕಾರ ಕೊಟ್ಟಿದೆ. ಬಂದ ಲಾಭವನ್ನು ಇಂಥದ್ದೇ ಜನಹಿತಕ್ಕೆ ಹಾಕಬೇಕು ಅನ್ನೋ ಕಟ್ಟು ಅದರಲ್ಲಿ ಬಿಗಿಯಾಗಿಲ್ಲ, ವ್ಯಾಪಾರ ಬೆಳೆಸೋದಕ್ಕೆ ಅಡ್ಡಿಯೂ ಇಲ್ಲ. ದಿವಾಕರರಂಥ ಮನುಷ್ಯ ಇದ್ದಾಗ ಇದು ಸಮಸ್ಯೆ ಅನಿಸೋದಿಲ್ಲ. ಕಾನೂನು ಮನುಷ್ಯನ ಮುಖ ನೋಡಿ ಮಾಡೋದಲ್ಲವಲ್ಲ. ಪ್ರಕರಣದ ಹೆಸರಿನಲ್ಲೇ ಏಕೈಕ ಟ್ರಸ್ಟಿ ಅಂತ ಇದೆ. ಲೋಕದ ಶಿಕ್ಷಣಕ್ಕಾಗಿ ಇರುವ ಸಂಸ್ಥೆಯನ್ನು ಲೋಕ ಯಾವ ರೀತಿಯಲ್ಲೂ ಕೇಳುವಂತಿರಲಿಲ್ಲ. ಓದುಗರಿಗೆ ಅದರಲ್ಲಿ ಜಾಗ ಇಲ್ಲ, ಕೆಲಸ ಮಾಡುವ ಪತ್ರಕರ್ತರಿಗೂ ಇಲ್ಲ. ಗಾಂಧಿಯ ಧರ್ಮದರ್ಶಿತ್ವದ ಕಲ್ಪನೆಗೆ ಇದ್ದ ಕೊರತೆಯೂ ಇದೇ: ಧರ್ಮದರ್ಶಿ ಒಳ್ಳೆಯವನಾಗಿರ್ತಾನೆ ಅಂತ ನಂಬಬೇಕು, ಆಗದಿದ್ದರೆ ಏನು ಅನ್ನೋದಕ್ಕೆ ಉತ್ತರ ಇಲ್ಲ.

ಆ 1975 ದಿವಾಕರರಿಗೆ ಇನ್ನೊಂದು ದಿಕ್ಕಿನಿಂದಲೂ ಬಡಿಯಿತು. ಅವರು ದಿಲ್ಲಿಯ ಗಾಂಧಿ ಪೀಸ್ ಫೌಂಡೇಶನ್ನಿನ ಅಧ್ಯಕ್ಷರು. ಜೂನ್ 25ರ ರಾತ್ರಿ ಕಳೆದು ಬೆಳಗಾಗುವ ಮುಂಚೆ ಪೊಲೀಸರು ಜಯಪ್ರಕಾಶ ನಾರಾಯಣರನ್ನು ಬಂಧಿಸಿದ್ದು ಅದೇ ಫೌಂಡೇಶನ್ನಿನ ಕಟ್ಟಡದಿಂದ. ಇಂದಿರಾ ಗಾಂಧಿ ಮತ್ತೆ ಅಧಿಕಾರಕ್ಕೆ ಬಂದ ಮೇಲೆ, 1982ರಲ್ಲಿ, ಗಾಂಧಿ ಪೀಸ್ ಫೌಂಡೇಶನ್ ಸೇರಿ ಹಲವು ಗಾಂಧಿವಾದಿ ಸಂಸ್ಥೆಗಳ ಮೇಲೆ ಕುದಾಲ್ ಆಯೋಗದ ತನಿಖೆ ಹೂಡಿದರು. ಹಣ ಎಲ್ಲಿಂದ ಬಂತು, ವಿದೇಶಿ ಕೈವಾಡ ಇದೆಯೋ ಅಂತ ವರ್ಷಗಟ್ಟಲೆ ಜಾಲಾಡಿದರು. ಸರ್ಕಾರಕ್ಕೆ ಬೇಡವಾದವರನ್ನು ಲೆಕ್ಕಪತ್ರದ ದಾರಿಯಿಂದ ಹಿಡಿಯೋ ಕಲೆ ನಮ್ಮ ಕಾಲದಲ್ಲಿ ಹುಟ್ಟಿದ್ದು ಅಂದುಕೊಂಡವರು ಆ ಆಯೋಗದ ಕಥೆ ಒಮ್ಮೆ ಓದಬೇಕು. 1951ರಲ್ಲಿ ಸರ್ಕಾರದ ಒಳಗಿದ್ದವರು, 1975ರ ನಂತರ ಅದೇ ಪಕ್ಷದ ಸರ್ಕಾರದ ಅನುಮಾನದ ಪಟ್ಟಿಯಲ್ಲಿದ್ದರು. ದಿವಾಕರ ತೀರಿಕೊಂಡದ್ದು 1990ರಲ್ಲಿ, 95 ವರ್ಷ ಬದುಕಿ.

ಅವರ ಪ್ರಕರಣ ಮಾತ್ರ ಸಾಯಲಿಲ್ಲ. 1979ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸೂರತ್ ಆರ್ಟ್ ಸಿಲ್ಕ್ ಪ್ರಕರಣದಲ್ಲಿ ಲೋಕ ಶಿಕ್ಷಣ ತೀರ್ಪಿನ ಲಾಭದ ಭಾಗವನ್ನು ಪಕ್ಕಕ್ಕಿಟ್ಟಿತು. ಲಾಭ ಬಂತೋ ಇಲ್ಲವೋ ಮುಖ್ಯವಲ್ಲ, ಸಂಸ್ಥೆಯ ಪ್ರಧಾನ ಉದ್ದೇಶ ಯಾವುದು ಅಂತ ನೋಡಿ ಅಂದಿತು. 1983ರಲ್ಲಿ ಸಂಸತ್ತು ಆ ಚಿಲಕವನ್ನೇ ತೆಗೆಯಿತು. 2008ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ಚಿಲಕ ಬಂತು: ನಾಲ್ಕನೆಯ ಬಾಗಿಲಿನವರು ವ್ಯಾಪಾರ, ವಾಣಿಜ್ಯ ಮಾಡುವಂತಿಲ್ಲ. ಈಗಿನ ನಿಯಮದಲ್ಲಿ ಅಂಥ ಗಳಿಕೆ ಒಟ್ಟು ಆದಾಯದ ಶೇ. 20 ದಾಟಬಾರದು. 2022ರ ಅಕ್ಟೋಬರ್ 19ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಒಂದರಲ್ಲಿ ಶಿಕ್ಷಣದ ಬಗ್ಗೆ 1975ರ ಕಿರಿದಾದ ಅರ್ಥವನ್ನೇ ಮತ್ತೆ ಎತ್ತಿ ಹಿಡಿಯಿತು. ಇನ್ನೊಂದರಲ್ಲಿ, 1939ರಲ್ಲಿ ಗೆದ್ದಿದ್ದ ಅದೇ ಟ್ರಿಬ್ಯೂನ್ ಟ್ರಸ್ಟ್ ಕಟಕಟೆಯಲ್ಲಿತ್ತು. ಅದರ ಜಾಹೀರಾತಿನ ಆದಾಯ ವ್ಯಾಪಾರದ್ದೇ ಅಂತ ಕೋರ್ಟ್ ಕಂಡಿತು.

ಈಗ ಲೆಕ್ಕ ಹಾಕಿ ನೋಡಿ. ಜಾಹೀರಾತು ತಗೊಂಡ್ರೆ ವ್ಯಾಪಾರ. ಸರಿ, ಜಾಹೀರಾತು ಬೇಡ, ಗಾಂಧಿ ಹೇಳಿದ ಹಾಗೆ ಓದುಗರ ದುಡ್ಡಲ್ಲೇ ನಡೆಸೋಣ ಅಂತ ಹೊರಟವರು ಈಗಿನ ಸಣ್ಣ ಡಿಜಿಟಲ್ ತಾಣಗಳು. ದೇಣಿಗೆಯಿಂದ, ಟ್ರಸ್ಟಿನ ಹೆಸರಲ್ಲಿ, ಲಾಭ ಹಂಚಿಕೊಳ್ಳದೆ. ಅಂಥ ‘ದಿ ಫೈಲ್’ಗೂ ಮಾನ್ಯತೆ ರದ್ದಾಯ್ತು. ಮಾನ್ಯತೆ ಹೋದರೆ ಏನಾಗುತ್ತೆ? ದೇಣಿಗೆ ಕೊಡೋ ಸಂಸ್ಥೆಗಳು ಹಿಂಜರೀತವೆ, ಬಂದ ದೇಣಿಗೆಗೂ ತೆರಿಗೆ ಬೀಳುತ್ತೆ, ಕಡತ ಹುಡುಕಬೇಕಾದ ವರದಿಗಾರ ವಕೀಲರನ್ನ ಹುಡುಕ್ತಾ ಕೂರ್ತಾನೆ. ಸರ್ಕಾರದ ಜಾಹೀರಾತು ಎರಡು ಪುಟ ತುಂಬ ಹಾಕ್ಕೊಂಡು ಸರ್ಕಾರದ ಬಗ್ಗೆ ಉಸಿರೆತ್ತದ ಪತ್ರಿಕೆಗೆ ಈ ಕಾಟ ಯಾವುದೂ ಇಲ್ಲ. ಅದು ಮೊದಲಿಂದಲೂ ಕಂಪನಿ, ತಾನು ಅಂಗಡಿ ಅಂತ ಒಪ್ಪಿಕೊಂಡೇ ಕೂತಿದೆ. ಸಾಲಿ ಆಗ್ತೀನಿ ಅಂದವರಿಗೆ ಮಾತ್ರ ಪರೀಕ್ಷೆ.

ಗೆಳೆಯರು ಕೆಲವರು ಹೇಳ್ತಾರೆ, ತೆರಿಗೆ ಕಟ್ಟಿಬಿಡಿ, ಮಾನ್ಯತೆ ಯಾಕೆ ಬೇಕು ಅಂತ. ದೊಡ್ಡ ಸಂಸ್ಥೆ ಕಟ್ಟಬಹುದು. ಮೂರು ಜನ, ಎರಡು ಲ್ಯಾಪ್‌ಟಾಪು, ಮಾಹಿತಿ ಹಕ್ಕಿನ ಅರ್ಜಿ, ಇಷ್ಟರಲ್ಲೇ ನಡೆಯೋ ತಾಣಕ್ಕೆ ಅದು ಉಳಿಯೋ ಅಳಿಯೋ ಪ್ರಶ್ನೆ. ಅದಕ್ಕಿಂತ ಹೆಚ್ಚಾಗಿ, ಸಾರ್ವಜನಿಕರಿಗೆ ಇದರಿಂದ ಉಪಯೋಗ ಇಲ್ಲ ಅಂತ ಸರ್ಕಾರದ ಒಂದು ಇಲಾಖೆ ಬರೆದುಕೊಡೋದಿದೆಯಲ್ಲ, ಆ ಮಾತಿಗೆ ಉತ್ತರ ಕೊಡದೆ ಬಿಡೋಕಾಗೋದಿಲ್ಲ. ಉತ್ತರ ಕೊಡೋದಾದರೆ ದಿವಾಕರರ ಟ್ರಸ್ಟಿಗಿಂತ ಗಟ್ಟಿಯಾದ ಟ್ರಸ್ಟ್ ಬೇಕು. ಯಾರು ದುಡ್ಡು ಕೊಟ್ಟರು, ಎಷ್ಟು ಕೊಟ್ಟರು ಅನ್ನೋದು ತಾಣದಲ್ಲೇ ಕಾಣಬೇಕು. ಉಳಿದ ಹಣ ಎಲ್ಲಿಗೆ ಹೋಗಬೇಕು ಅನ್ನೋದು ಡೀಡಿನಲ್ಲೇ ಇರಬೇಕು. ಒಬ್ಬರ ಕೈಯಲ್ಲಿ ಕೀಲಿಕೈ ಇರಬಾರದು, ಆ ಒಬ್ಬರು ಎಷ್ಟೇ ದೊಡ್ಡವರಾಗಿರಲಿ. ಟ್ರಸ್ಟಿಯಾದವರು ಯಾವ ಸರ್ಕಾರದ ಹುದ್ದೆಗೂ ಹೋಗುವಂತಿರಬಾರದು. ಹುಬ್ಬಳ್ಳಿ-ಧಾರವಾಡದಲ್ಲೇ ಹೊಸ ತಾಣ ಕಟ್ಟೋ ಮಾತಾಡ್ತಿರೋ ಹುಡುಗ ಹುಡುಗಿಯರು ಕೆಲವರನ್ನ ನಾನು ಬಲ್ಲೆ. ಕ್ಯಾಮೆರಾ ಯಾವುದು, ಲೋಗೋ ಹೆಂಗಿರಬೇಕು ಅಂತ ತಿಂಗಳುಗಟ್ಟಲೆ ಚರ್ಚೆ ಮಾಡ್ತಾರೆ. ಟ್ರಸ್ಟ್ ಡೀಡಿನ ಕರಡನ್ನ ಮಾತ್ರ ಯಾರೋ ವಕೀಲರ ಗುಮಾಸ್ತನಿಂದ ಹಳೆಯದೊಂದರ ನಕಲು ತರಿಸಿಟ್ಟಿದ್ದಾರೆ. 1975ರ ಆ ತೀರ್ಪು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಮೊದಲು ಅದನ್ನ ಓದ್ಕೊಂಡು ಬರ್ರಿ, ಆಮೇಲೆ ಲೋಗೋ ನೋಡೋಣು ಅಂತ ಹೇಳಿ ಕಳಿಸಿದ್ದೀನಿ.